ಮೂರನೇ ಸಾಲಿನ ಬೆಲ್ಟು

ಡ್ಯಾಶ್‌ಬೋರ್ಡಿನ ಮೇಲೆ ಹುಲಿಯೇರಿ ಕೂತಿದ್ದ ಮಾದಪ್ಪನ ಮೂರ್ತಿಗೆ ಕೈ ಹಾಕುವಾಗ ಸುಧಾಮಣಿಗೆ ಮೈ ಜುಮ್ಮೆಂದಿತು. ಮನಸ್ಸಿನಲ್ಲೇ ತಪ್ಪಾಯಿತು ಅಂದುಕೊಂಡು, ಬುಡ ಹಿಡಿದು ಮೆಲ್ಲಗೆ ತಿರುಗಿಸಿದಳು.

"ದೇವ್ರನ್ಯಾಕವ್ವ ಕೀಳ್ತಿದ್ದೀರಿ?" ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮರಿಮಲ್ಲಪ್ಪನವರು ಅಲ್ಲಿಂದಲೇ ಕೇಳಿದರು.

"ಗಾಡಿ ಬೇರೆಯೋರ ಕೈಗೆ ಹೋಗೋವಾಗ ದೇವ್ರು ನಿಮ್ಮ ಮನೇಲೇ ಉಳೀಬೇಕಲ್ವಾ ಯಜಮಾನ್ರೇ? ಅಂಟು ಬಿಡುತ್ತಾ ಇಲ್ವಾ ಅಂತ ನೋಡ್ತಿದ್ದೀನಿ."

"ಅದೂ ಸರಿ ಅನ್ನಿ. ಮೊದಲ್ನೇ ದಿನ ಬೆಟ್ಟಕ್ಕೋಗಿ ಪೂಜೆ ಮಾಡ್ಸಿ ಅಂಟ್ಸಿದ್ದು. ಐದು ವರ್ಸ ಆಯ್ತು, ಒಂದ್ ದಿನ ಕದಲಿಲ್ಲ ನಮ್ಮಪ್ಪ."

ಅಂಟು ಸಲೀಸಾಗಿ ಬಿಟ್ಟಿತು. ಅದೇ ಸುಧಾಮಣಿಗೆ ಹಿಡಿಸಲಿಲ್ಲ.

ಗುಂಡ್ಲುಪೇಟೆಯಲ್ಲಿ ಅರಿಶಿನದ ವ್ಯಾಪಾರ ಮಾಡುವ ಮರಿಮಲ್ಲಪ್ಪನವರು ಈ ಬಿಳಿ ಎಸ್‌ಯುವಿಯನ್ನು ಸಾಕಿದ ರೀತಿಯನ್ನು ಹೇಳಲೇಬೇಕು. ಕೊಂಡ ದಿನವೇ ಮಾರುವ ದಿನದ ಯೋಚನೆ ಮಾಡಿದವರು ಅವರು. ಸೀಟುಗಳ ಮೇಲೆ ಕಂಪನಿಯವರು ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಐದು ವರ್ಷ ಯಾರಿಗೂ ಮುಟ್ಟಗೊಡಲಿಲ್ಲ. ಬೇಸಿಗೆಯಲ್ಲಿ ಮೊಮ್ಮಕ್ಕಳ ತೊಡೆ ಚುರುಗುಟ್ಟಲಿ, ಸೊಸೆಯ ರೇಷ್ಮೆ ಸೀರೆ ಬೆವರಿಗೆ ಅಂಟಿಕೊಳ್ಳಲಿ, ಪ್ಲಾಸ್ಟಿಕ್ ಇರಬೇಕು. ಜಾಹೀರಾತಿನಲ್ಲೂ ಅದನ್ನೇ ಮೆರೆಸಿದ್ದರು: ಏಳು ಸೀಟು, ಒಬ್ಬರೇ ಓನರ್, ಆರು ಏರ್‌ಬ್ಯಾಗ್, ಎಲ್ಲೂ ಗುದ್ದಿಲ್ಲ, ಸೀಟಿನ ಪ್ಲಾಸ್ಟಿಕ್ ಹಾಗೇ ಇದೆ.

ಚಾಮರಾಜನಗರದಲ್ಲಿ ಕೂತು ಆ ಜಾಹೀರಾತು ಓದಿದ ಸುಧಾಮಣಿ ಬೆಳಗಿನ ಬಸ್ಸು ಹತ್ತಿ ಬಂದಿದ್ದಳು. ಇಪ್ಪತ್ತು ವರ್ಷ ಇನ್ಶೂರೆನ್ಸಿನವರ ಪರವಾಗಿ ಗುದ್ದಿದ ಗಾಡಿಗಳನ್ನು ನೋಡಿ ರಿಪೋರ್ಟು ಬರೆದವಳು ಅವಳು. ಈಗ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಗಾಡಿ ನೋಡಿಕೊಡುತ್ತಾಳೆ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಎದ್ದುಹೋಗುತ್ತಾರೆ, ಇವಳು ಗಾಡಿಯ ಅಡಿಗೆ ತೂರದೆ ಏಳುವವಳಲ್ಲ.

ಇವತ್ತು ಮಾತ್ರ ಅವಳ ಹಿಂದೆ ಕೊಳ್ಳುವವರು ಯಾರೂ ಇರಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಕೇರಳಕ್ಕೆ ಹೋಗುವ ದಾರಿಯ ಮದ್ದೂರಿನ ಕಾಡುರಸ್ತೆಯಲ್ಲಿ ಫಾರೆಸ್ಟ್ ವಾಚರ್ ಹುಚ್ಚಯ್ಯನ ಮೊಪೆಡ್ಡಿಗೆ ಹೊಡೆದು ಮಾಯವಾದ ಬಿಳಿ ಗಾಡಿಯನ್ನು ಅವಳು ಹುಡುಕುತ್ತಿದ್ದಳು. ಹುಚ್ಚಯ್ಯ ಉಳಿಯಲಿಲ್ಲ. ಆ ಸಾವು ಬಂದು ಕೂತದ್ದು ಚೆಂಡುಹೂವಿನ ಪಿಕಪ್ ಓಡಿಸುತ್ತಿದ್ದ ಶಿವಮಲ್ಲುವಿನ ತಲೆಯ ಮೇಲೆ. ಬಿದ್ದವನನ್ನು ಎತ್ತಿ ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ತಂದದ್ದೇ ಅವನು ಮಾಡಿದ ತಪ್ಪು. ಪಿಕಪ್ಪಿನಲ್ಲಿ ರಕ್ತ ಇತ್ತು, ಬಿಳಿ ಗಾಡಿಯನ್ನು ಕಂಡವರು ಅವನ ಹೊರತು ಯಾರೂ ಇರಲಿಲ್ಲ. ಜಾಮೀನಿನ ಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ಅವನಿಗೆ ಸೋಮವಾರ ತೀರ್ಪು. ಇವತ್ತು ಶುಕ್ರವಾರ.

ಮೂರು ತಿಂಗಳ ಹಿಂದೆ ಸುಧಾಮಣಿಯ ನೆರವು ಕೇಳಿಕೊಂಡು ಬಂದಿದ್ದ ಅವನ ಹೆಂಡತಿ ರಂಜಿನಿ ಗೇಟಿನಾಚೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಬುತ್ತಿ ಇಟ್ಟುಕೊಂಡು ಕಾಯುತ್ತಿದ್ದಳು. ಒಳಗೆ ಬರಬೇಡ ಎಂದು ಸುಧಾಮಣಿಯೇ ಹೇಳಿದ್ದಳು.

ಹುಚ್ಚಯ್ಯ ಬಿದ್ದ ಜಾಗದಿಂದ ಒಂದು ತಿರುವು ದಾಟಿದರೆ ರಸ್ತೆಯಂಚಿನಲ್ಲಿ ಒಂದು ಮತ್ತಿಮರ. ಅದರ ತೊಗಟೆಯ ಆಳವಾದ ಗಾಯದಲ್ಲಿ ಬಿಳಿ ಬಣ್ಣ ಮೆತ್ತಿದ್ದನ್ನು ಸುಧಾಮಣಿ ಹಿಂದೆಯೇ ಕಂಡಿದ್ದಳು. ಅಷ್ಟು ಆಳಕ್ಕೆ ಮರಕ್ಕೆ ಗುದ್ದಿದ ಗಾಡಿಯ ಏರ್‌ಬ್ಯಾಗ್ ಡ್ಯಾಶ್‌ಬೋರ್ಡು ಸೀಳಿಕೊಂಡು ಒಡೆಯದೆ ಇರುವುದಿಲ್ಲ. ಏರ್‌ಬ್ಯಾಗ್ ಒಡೆದ ಬಿಳಿ ಗಾಡಿಗಾಗಿ ಅವಳು ನಾಲ್ಕು ಮನೆ ತಿರುಗಿದ್ದಳು. ಇದು ಐದನೆಯದು.

ಮಾದಪ್ಪನನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿದಳು. ಈ ಸೀಮೆಯ ಬಿಸಿಲು ಐದು ಬೇಸಿಗೆ ಬಿದ್ದರೆ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ದೇವರು ಕೂತ ಜಾಗ ಮಾತ್ರ ಬಿಸಿಲು ಕಾಣದೆ ಹಳೇ ಕಪ್ಪಿನಲ್ಲೇ ಉಳಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಆ ಗುರುತು ನೋಡಿಯೇ ಅದು ಗಣಪತಿಯೋ ಶಿಲುಬೆಯೋ ಎಂದು ಅವಳು ಹೇಳಿಬಿಡುತ್ತಿದ್ದಳು.

ಇಲ್ಲಿ ಗುರುತೇ ಇರಲಿಲ್ಲ. ಮಾದಪ್ಪನ ಕೆಳಗೂ ಸುತ್ತಲೂ ಒಂದೇ ಕಪ್ಪು. ದೇವರು ಹಳಬ, ಪೀಠ ಹೊಸದು.

ಕೀಲಿ ತಿರುಗಿಸಿದಳು. ಗಾಡಿ ತನ್ನ ದೀಪಗಳನ್ನೆಲ್ಲ ಒಮ್ಮೆ ಹಚ್ಚಿ ತೋರಿಸಿ ಆರಿಸಬೇಕು. ಎಲ್ಲ ಹತ್ತಿದವು, ಏರ್‌ಬ್ಯಾಗಿನ ದೀಪ ಹತ್ತಲಿಲ್ಲ. ಕೆಟ್ಟಿದ್ದರೆ ಅದು ಆರದೆ ಉರಿಯುತ್ತಿತ್ತು. ಹತ್ತಲೇ ಇಲ್ಲ ಅಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಆರು ಏರ್‌ಬ್ಯಾಗಿನ ಈ ಗಾಡಿಯಲ್ಲಿ ಮುಂದೆ ಕೂತವರ ಎದೆಗೆ ಒಂದು ತಲೆದಿಂಬಿನ ಆಸರೆಯೂ ಇರಲಿಲ್ಲ. ನಾಳೆ ಯಾವನೋ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಡುವುದು ಇದರಲ್ಲೇ ಅಲ್ಲವೇ ಎಂದು ಅವಳಿಗೆ ಸಿಟ್ಟು ಬಂತು.

ಮುಂದಿನ ಎರಡು ಬೆಲ್ಟುಗಳ ಬುಡದ ಚೀಟಿ ನೋಡಿದಳು. ತಯಾರಾದ ವರ್ಷ ಕಳೆದ ವರ್ಷದ್ದು. ನಡುಸಾಲಿನವು ಐದು ವರ್ಷದ ಹಿಂದಿನವು. ಮುಂದಿನ ಸೀಟಿನ ಪ್ಲಾಸ್ಟಿಕ್ ಕೂಡ ತಿಳಿಯಾಗಿತ್ತು, ಹಿಂದಿನದು ಹಳದಿಯಾಗಿತ್ತು. ಮಾರುವ ಬೆಲೆಗೋಸ್ಕರ ಹೊಸ ಪ್ಲಾಸ್ಟಿಕ್ ಹುಡುಕಿ ತಂದು ಹೊದಿಸಿದ ಪುಣ್ಯಾತ್ಮನನ್ನು ಸುಧಾಮಣಿ ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ.

ನಡುಸಾಲಿನಲ್ಲಿ ಅವಳು ಕೂತಳು. ಏಳು ಜನರ ಗಾಡಿಯಲ್ಲಿ ಒಬ್ಬಳೇ ಕೂತರೆ ಅವಳಿಗೆ ಯಾವಾಗಲೂ ತನ್ನ ಖಾಲಿ ಮನೆ ನೆನಪಾಗುತ್ತಿತ್ತು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಬೆಲ್ಟು ಹಾಕದೆ ಹೋಗಿದ್ದ, ಎರಡು ಕಿಲೋಮೀಟರಿಗೆ ಯಾಕೆ ಎಂದಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಎರಡು ತಟ್ಟೆ ತೊಳೆದು ಒಂದರಲ್ಲಿ ಉಣ್ಣುವ ರೂಢಿ ಇನ್ನೂ ಬಿಟ್ಟಿರಲಿಲ್ಲ.

ಉಳಿದಿದ್ದವನು ತಮ್ಮ ಸೋಮೇಶ್ ಒಬ್ಬನೇ. ಮೈಸೂರಿನಲ್ಲಿದ್ದುಕೊಂಡು, ಕರೆದವರ ಗಾಡಿ ಓಡಿಸುವ ಆಕ್ಟಿಂಗ್ ಡ್ರೈವರ್. ಮೊದಲು ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದವನು ಈಚೆಗೆ ದಿನಾ ಮಧ್ಯಾಹ್ನ ಒಂದೂವರೆಗೆ ಮಾಡುತ್ತಾನೆ. ಊಟ ಆಯ್ತಾ ಅಕ್ಕ, ಇವತ್ತು ಯಾವ ಗಾಡಿ ನೋಡ್ದೆ, ಆ ಹೂವಿನ ಗಾಡಿಯವನ ಕೇಸು ಎಲ್ಲಿಗೆ ಬಂತು. ದಿನದಲ್ಲಿ ಅವಳಿಗೆ ಬರುವ ಒಂದೇ ಸ್ವಂತ ಫೋನು ಅದು. ಬೆಲ್ಟು ಕತ್ತು ಉಜ್ಜುತ್ತೆ ಎಂದು ಅವನು ಗೊಣಗಿದ್ದಕ್ಕೆ ಗಂಡನ ಹಳೇ ಶರಟು ಕತ್ತರಿಸಿ ಯಾವ ಗಾಡಿಯ ಬೆಲ್ಟಿಗಾದರೂ ತೊಡಿಸಿ ತೆಗೆಯುವಂಥ ಒಂದು ಬಟ್ಟೆಯ ಕವರ್ ಹೊಲಿದುಕೊಟ್ಟಿದ್ದಳು. ಇನ್ನೇನು ನೆಪ ಹೇಳ್ತೀಯೋ ಹೇಳು ಎಂದು ಗದರಿದ್ದಳು.

ಸಾಕು ಅಂದುಕೊಂಡು ಅವಳು ಬಗ್ಗಿ ಮೂರನೇ ಸಾಲಿಗೆ ನುಗ್ಗಿದಳು.

ಅಲ್ಲಿ ಕಾಲು ಚಾಚಲು ಜಾಗವಿಲ್ಲ, ಗಾಳಿಯಿಲ್ಲ. ಏಳು ಸೀಟು ಎಂದು ಲೆಕ್ಕಕ್ಕೆ ಹೇಳಿಕೊಳ್ಳಲು ಇರುವ ಎರಡು ಸೀಟುಗಳು ಅವು. ಬಲಗಡೆಯ ಬೆಲ್ಟನ್ನು ಎಳೆದು ಬೆಳಕಿಗೆ ಹಿಡಿದಳು. ಚೀಟಿ ಐದು ವರ್ಷದ ಹಿಂದಿನದು. ಆದರೆ ಭುಜದ ಕೊಂಡಿಯೊಳಗೆ ಹಾಯುವ ಕಡೆ ಗೇಣುದ್ದ ಪಟ್ಟಿ ನುಣ್ಣಗೆ ಹೊಳೆಯುತ್ತಿತ್ತು, ಎಳೆಗಳು ಕರಗಿ ಒಂದಕ್ಕೊಂದು ಕೂಡಿದ್ದವು. ಗುದ್ದಿನ ಹೊತ್ತಿಗೆ ಒಬ್ಬರ ಭಾರ ಪೂರ್ತಿ ಜಗ್ಗಿದರೆ ಮಾತ್ರ ಹಾಗಾಗುತ್ತದೆ.

ಗಾಡಿ ರಿಪೇರಿ ಮಾಡಿಸಿದವರು ಎಲ್ಲ ನೆನೆದಿದ್ದರು. ಮೂರನೇ ಸಾಲಿನಲ್ಲೂ ಒಂದು ಜೀವ ಕೂತಿತ್ತು ಎಂಬುದನ್ನು ಮಾತ್ರ ಯಾರೂ ನೆನೆಯಲಿಲ್ಲ.

ಸುಧಾಮಣಿ ಇಳಿದು ಬಂದು ಮಾದಪ್ಪನನ್ನು ಮರಿಮಲ್ಲಪ್ಪನವರ ಕೈಗೆ ಕೊಟ್ಟಳು. ಅವರು ಕಣ್ಣಿಗೊತ್ತಿಕೊಂಡರು.

"ಹಿಂದಿನ ಸಾಲಲ್ಲಿ ಯಾರು ಕೂರ್ತಿದ್ರು ಯಜಮಾನ್ರೇ?"

"ಯಾರೂ ಇಲ್ಲ. ಮಡ್ಚೇ ಇರ್ತದೆ, ಅರಿಸಿನದ ಮೂಟೆ ಆಕ್ಕೊಳ್ಳಾಕೆ."

"ಅರಿಶಿನದ ಮೂಟೆಗೆ ಬೆಲ್ಟು ಕಟ್ತಿದ್ರಾ?"

ಮರಿಮಲ್ಲಪ್ಪನವರು ಮೂರ್ತಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ಡ್ಯಾಶ್‌ಬೋರ್ಡು ಹೊಸದು. ಮುಂದಿನ ಬೆಲ್ಟು ಹೊಸದು. ಏರ್‌ಬ್ಯಾಗು ಒಡೆದುಹೋಗಿ ಖಾಲಿ ಡಬ್ಬ ಮುಚ್ಚಿದ್ದೀರಿ. ಮದ್ದೂರಿನ ಹತ್ರ ಒಂದು ಮತ್ತಿಮರದಲ್ಲಿ ನಿಮ್ಮ ಗಾಡಿ ಬಣ್ಣ ಇನ್ನೂ ಅಂಗೇ ಐತೆ." ಕೋಪಕ್ಕೆ ಅವಳ ಬಾಯಲ್ಲೂ ಊರಿನ ಮಾತು ಬಂದುಬಿಟ್ಟಿತು.

ಅವರು ಕೂಗಾಡುತ್ತಾರೆಂದು ಅವಳು ಕಾದಳು. ಅವರು ಅವಳ ಮುಖವನ್ನೇ ನೋಡಿದರು.

"ಯಾವೂರವ್ವ ನಿಮ್ದು?"

"ಅದ್ಯಾಕೆ ಈಗ?"

"ಬಂದಾಗ್ನಿಂದ ನೋಡ್ತಿವ್ನಿ. ಮೊಖ ಎಲ್ಲೋ ಕಂಡಂಗದೆ."

"ಉಮ್ಮತ್ತೂರು."

"ಉಮ್ಮತ್ತೂರಲ್ಲಿ ಯಾರ ಪೈಕಿ?"

"ಗುರುಮಲ್ಲಯ್ಯ ಮೇಷ್ಟ್ರ ಮಗಳು."

ಮರಿಮಲ್ಲಪ್ಪನವರು ಎದ್ದು ನಿಂತರು.

"ಮೇಷ್ಟ್ರ ಮಗಳಾ ನೀನು? ಸೋದರಮಾವನ ಮನೇಲಿದ್ದು ಅಲ್ಲೇ ಓದಿದೋನು ಕಣವ್ವ ನಾನು. ನಂಗೆ ಅಕ್ಸರ ತಿದ್ಸಿದ್ದು ಅವ್ರೇ." ಅವರ ದನಿ ಇಳಿದುಹೋಗಿತ್ತು. "ಗಾಡಿ ಮಾರಾಕಿಲ್ಲ. ಓಗವ್ವ ನೀನು. ಬಸ್ಸಿದೆ, ಊರಿಗೋಗು."

"ಸೋಮವಾರ ಒಬ್ಬ ಮಾಡದ ತಪ್ಪಿಗೆ ಜೈಲಿಗೆ ಹೋಗ್ತಾನೆ. ಅವನ ಹೆಂಡ್ತಿ ನಿಮ್ಮ ಗೇಟಿನ ಹೊರಗೆ ಕೂತಿದ್ದಾಳೆ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ದೀರಾ? ಸ್ಟೇರಿಂಗ್ ಹಿಡ್ದಿದ್ದು ಯಾರು? ನೀವಾ?"

"ನಂಗೆ ಸಕ್ಕರೆ ಕಾಯ್ಲೆ ಬಂದಾಗ್ನಿಂದ ಗಾಡಿ ಮುಟ್ಟಿಲ್ಲ."

"ಹಂಗಾದ್ರೆ ಯಾರು?"

"ನನ್ ಬಾಯಲ್ಲಿ ಏಳುಸ್ಬೇಡ ಕಣವ್ವ. ಈ ಗಾಡೀನ ಇಲ್ಲಿಗೇ ಬುಟ್ಬುಡು. ನಿನ್ನ ಒಳ್ಳೇದುಕ್ಕೇ ಅಂತಿವ್ನಿ."

"ಹೆದರಿಸ್ತಿದ್ದೀರಾ?"

"ಇಲ್ಲ." ಅವರ ಕಣ್ಣಲ್ಲಿ ನೀರಿತ್ತು. "ನಾನೇ ಎದ್ರಿವ್ನಿ."

ಅಷ್ಟು ಹೇಳಿ ಅವರು ಮಾದಪ್ಪನನ್ನು ಎದೆಗವಚಿಕೊಂಡು ಒಳಗೆ ಹೋದರು. ಹೋಗುತ್ತಲೇ ಜೇಬಿನಿಂದ ಫೋನ್ ತೆಗೆದು ಯಾರಿಗೋ ಒತ್ತಿದ್ದು ಸುಧಾಮಣಿಗೆ ಕಾಣಿಸಿತು. ದುಡ್ಡಿರುವವರು ಮೊದಲು ವಕೀಲರಿಗೆ ಮಾಡುತ್ತಾರೆ ಎಂದುಕೊಂಡಳು.

ಗೇಟಿನ ಕಡೆ ತಿರುಗಿದಾಗ ಪಕ್ಕದ ಜಗಲಿಯಿಂದ ಯಾರೋ ಕರೆದರು.

"ಗಾಡಿ ತಕ್ಕೊಂಡೋಗಾಕೆ ಬಂದಿದ್ದೀಯವ್ವ?"

ಕಂಬಕ್ಕೊರಗಿ ಒಬ್ಬ ಮುದುಕಿ ಕೂತಿದ್ದಳು. ಮರಿಮಲ್ಲಪ್ಪನವರ ತಾಯಿ ಶಿವರುದ್ರಮ್ಮ. ಎಂಬತ್ತರ ಮೇಲಾಗಿತ್ತು. ಹಣೆಯ ವಿಭೂತಿ ಸುಕ್ಕುಗಳ ಮೇಲೆ ಮೂರು ಗೆರೆ ಹೋಗಿ ಆರಾಗಿತ್ತು. ಒಳಗೆ ಮನೆ ತುಂಬ ಜನರ ಸದ್ದು, ಟೀವಿಯ ಸದ್ದು. ಜಗಲಿಯ ಮೇಲೆ ಅವಳೊಬ್ಬಳೇ. ಎಷ್ಟು ಹೊತ್ತಿನಿಂದ ಹೀಗೆ ಯಾರಾದರೂ ಹಾದುಹೋಗಲಿ ಎಂದು ಕಾದಿದ್ದಳೋ ಎಂದು ಸುಧಾಮಣಿಗೆ ಅನ್ನಿಸಿತು. ಅವಳಿಗೂ ಆ ಕಾಯುವಿಕೆ ಹೊಸದಲ್ಲ.

"ನೋಡೋಕೆ ಬಂದೆ ಅಜ್ಜಿ."

"ಕೂತ್ಕೊ ಬಾ. ಒಳ್ಳೇ ಗಾಡಿ ಕಣವ್ವ. ಆದ್ರೆ ಇಂದಿನ ಸೀಟಲ್ಲಿ ಕೂರ್ಬೇಡ. ಮುಂದೆ ಮಾತಾಡೋದು ಒಂದೂ ಕೇಳಾಕಿಲ್ಲ. ನಗ್ತಾರೆ, ಯಾಕ್ ನಗ್ತಾವ್ರೆ ಅಂತ ಗೊತ್ತಾಗಾಕಿಲ್ಲ."

ಸುಧಾಮಣಿ ಜಗಲಿಯ ಮೇಲೆ ಕೂತಳು. "ಹಿಂದಿನ ಸೀಟು ನಿಮ್ದಾ?"

"ನಂದೇ. ಎಲ್ಲೋದ್ರೂ ನನ್ ಜಾಗ ಅದೇ."

"ಒಂದು ಸಲ ಗಾಡಿ ಗುದ್ದಿತ್ತಲ್ಲ ಅಜ್ಜಿ, ಆಗ್ಲೂ ನೀವು ಅಲ್ಲೇ ಇದ್ರಾ?"

ಮುದುಕಿ ಒಳಗಡೆ ಒಮ್ಮೆ ನೋಡಿದಳು. ಹೇಳಬೇಡ ಎಂದು ಮನೆಯವರು ಎಷ್ಟು ಸಲ ಹೇಳಿದ್ದರೋ ಏನೋ. ಆದರೆ ಕೇಳುವವರು ಸಿಕ್ಕಿದ್ದರು, ಅವಳಿಗೆ ಅಷ್ಟು ಸಾಕಾಗಿತ್ತು.

"ಕೇರಳದಾಗೆ ನನ್ ಕಣ್ಣಿನ ಆಪ್ರೇಸನ್ ಆಗಿತ್ತು. ಮನೆಗೆ ಕಳುಸ್ತೀವಿ ಅಂದ್ರು. ಅವತ್ತು ಅರಿಸಿನದ ಮಂಡಿ ದಿನ, ಯಾರ್ಗೂ ಬರಾಕೆ ಆಗ್ನಿಲ್ಲ. ಡ್ರೈವರ್ ಉಡ್ಗ ಒಬ್ನೇ ಬಂದ. ಒಂದ್ ಕಣ್ಗೆ ಕಟ್ಟು, ಇನ್ನೊಂದ್ರಾಗೆ ಮೊದ್ಲೇ ಕಾಣಾಕಿಲ್ಲ. ಮುಂದೆ ಬನ್ನಿ ಅಜ್ಜಿ ಅಂದ. ಬ್ಯಾಡ ಕಣಪ್ಪ, ನನ್ ಜಾಗ ಇಂದೇನೆ ಅಂದೆ."

"ಅವನೇ ಬೆಲ್ಟು ಹಾಕಿದ್ನಾ?"

"ಆಕ್ದ. ಇಂದಿನ ಸೀಟಲ್ಲಿ ನಂಗೆ ಬೆಲ್ಟು ಆಕಿದ್ದು ಅವ್ನೊಬ್ನೇ. ಕತ್ತು ಉಜ್ಜುತ್ತೆ ಕಣಪ್ಪ ಅಂದೆ. ತಡೀರಿ ಅಂತ ಅವನ ಬೆಲ್ಟಿನ ಬಟ್ಟೆ ತಗ್ದು ನಂದುಕ್ಕೆ ತೊಡಿಸ್ದ. ಆಮ್ಯಾಕೆ ಎಲ್ಲೋ ಒಂದ್ಕಡೆ ಟಣ್ ಅಂತು. ಇನ್ನೊಂದ್ ಗಳಿಗೆಗೆ ದಡ್ ಅಂತು. ಎದೆ ಬಿಗಿದ್ಬುಡ್ತು. ಏನಪ್ಪ ಅಂದೆ. ಜಿಂಕೆ ಅಡ್ಡ ಬಂತು ಅಜ್ಜಿ ಅಂದ."

ಮುದುಕಿ ಕಂಬದಿಂದ ಬೆನ್ನು ಬಿಡಿಸಿ ಮುಂದಕ್ಕೆ ಬಾಗಿದಳು.

"ಆಮ್ಯಾಕೆ ಅಳ್ತಿದ್ದ. ನನ್ ಮಗ ಲಾರಿ ತಂದು ಗಾಡೀನ ಅದ್ಕೆ ಏರಿಸ್ಕೊಳ್ಳೋಗಂಟ ಅಳ್ತಾನೇ ಇದ್ದ. ಜಿಂಕೆಗೆ ಯಾರವ್ವ ಅಂಗೆ ಅಳ್ತಾರೆ?"

ಹೇಳುತ್ತ ಹೇಳುತ್ತ ಅವಳು ಸೊಂಟದಿಂದ ಎಲೆಅಡಿಕೆಯ ಚೀಲ ತೆಗೆದಳು. ಸುಧಾಮಣಿ ಅದನ್ನು ನೋಡಿದಳು.

ಅದು ಚೀಲವಾಗಿರಲಿಲ್ಲ. ಗೇಣುದ್ದದ ಬಟ್ಟೆಯ ಕೊಳವೆ, ಒಂದು ತುದಿಯನ್ನು ಆಮೇಲೆ ಯಾರೋ ಹೊಲಿದು ಮುಚ್ಚಿದ್ದರು. ನೀಲಿ ಚೌಕಳಿ ಬಟ್ಟೆ. ಉದ್ದಕ್ಕೂ ಒತ್ತುಗುಂಡಿ. ಅಂಚಿನ ಹೊಲಿಗೆ ಅರ್ಧ ನೀಲಿ ದಾರದಲ್ಲಿ, ಇನ್ನರ್ಧ ಕೆಂಪು ದಾರದಲ್ಲಿ. ಅವತ್ತು ನೀಲಿ ದಾರ ಮುಗಿದುಹೋಗಿತ್ತು, ಅಂಗಡಿ ಬಾಗಿಲು ಹಾಕಿತ್ತು. ಬೆಳಿಗ್ಗೆಯೇ ಹೊರಡಬೇಕು ಅಕ್ಕ ಎಂದು ತಮ್ಮ ಅವಸರ ಮಾಡಿದ್ದ.

"ಅವನ ಹೆಸರೇನು ಅಜ್ಜಿ?"

"ಎಸ್ರು ಕೇಳ್ನಿಲ್ಲ ಕಣವ್ವ. ಯಾರಪ್ಪ ಒಲ್ದಿದ್ದು ಇಷ್ಟು ಚೆಂದಾಗಿ ಅಂದೆ. ನಮ್ಮಕ್ಕ ಅಂದ. ಬೆಲ್ಟು ಆಕದಿದ್ರೆ ಬಯ್ತಾಳೆ ಅಂದ. ಬಲು ಒಳ್ಳೇ ಉಡ್ಗ. ಅವ್ನಿಲ್ದಿದ್ರೆ ನಾನು ಅವತ್ತೇ ಓಗಿರ್ತಿದ್ದೆ."

ಸುಧಾಮಣಿ ಆ ಬಟ್ಟೆಯ ಮೇಲೆ ಕೈಯಿಟ್ಟಳು. ಎಲೆಯ ತಂಪು ತಾಗಿತು. ಗಂಡನ ಶರಟು, ತನ್ನ ಹೊಲಿಗೆ, ತಮ್ಮನ ಕೈ. ಒಬ್ಬಳನ್ನು ಉಳಿಸಿದ ಆ ಕೈಯೇ ಒಬ್ಬನನ್ನು ರಸ್ತೆಯಲ್ಲಿ ಬಿಟ್ಟು ಬಂದಿತ್ತು. ಕಳೆದ ವರ್ಷ ಮೂಗು ಊದಿಸಿಕೊಂಡು ಬಂದವನು ಬಚ್ಚಲಲ್ಲಿ ಜಾರಿದೆ ಎಂದಿದ್ದ. ಅವಳೇ ಅರಿಶಿನ ಅರೆದು ಹಚ್ಚಿದ್ದಳು. ದಿನಾ ಫೋನ್ ಬರಲು ಶುರುವಾದದ್ದೂ ಆಗಲೇ. ನನ್ನ ಮೇಲೆ ಈಗಲಾದರೂ ಅಕ್ಕರೆ ಬಂತಲ್ಲ ಎಂದು ಅವಳು ಎಷ್ಟೋ ದಿನ ಹಿಗ್ಗಿದ್ದಳು.

"ಯಾಕವ್ವ, ಮೊಖ ಅಂಗಾಯ್ತು? ನೀರು ಬೇಕಾ?"

"ಬೇಡ ಅಜ್ಜಿ. ಇದನ್ನ ಜೋಪಾನವಾಗಿ ಇಟ್ಕೊಳ್ಳಿ. ಯಾರ್ಗೂ ಕೊಡಬೇಡಿ." ಹೇಳಿದ್ದು ಸಾಕ್ಷಿ ಉಳಿಯಲಿ ಎಂದೋ, ಯಾರ ಕಣ್ಣಿಗೂ ಬೀಳದಿರಲಿ ಎಂದೋ, ಅವಳಿಗೇ ತಿಳಿಯಲಿಲ್ಲ.

ಗೇಟು ದಾಟಿ ಬಂದಾಗ ರಂಜಿನಿ ಬುತ್ತಿ ಬಿಚ್ಚಿದ್ದಳು. ಡಬ್ಬಿಯ ಮುಚ್ಚಳಕ್ಕೆ ಚಿತ್ರಾನ್ನ ಬಡಿಸಿ ಸುಧಾಮಣಿಯ ಪಾಲು ಎಂದು ಪಕ್ಕಕ್ಕೆ ಇಟ್ಟಿದ್ದಳು, ಕಡಲೆಬೀಜವನ್ನೆಲ್ಲ ಆರಿಸಿ ಆ ಕಡೆಗೇ ಹಾಕಿದ್ದಳು. ಮೂರು ತಿಂಗಳಿಂದ ಹೀಗೇ. ಬಸ್ಸಿನಲ್ಲಿ, ಕೋರ್ಟಿನ ಮರದ ಕೆಳಗೆ, ಎಲ್ಲೇ ಇರಲಿ, ಒಬ್ಬರೇ ಉಣ್ಣಬಾರದು ಮೇಡಂ ಎಂದು ಬಡಿಸುವಳು.

"ಇದೇ ಗಾಡಿನಾ ಮೇಡಂ?"

"ಇದೇ."

ರಂಜಿನಿ ಕೈ ಮುಗಿದಳು. ಕಣ್ಣೀರು ದಳದಳ ಇಳಿಯಿತು. "ಯಾರು ಓಡ್ಸ್ತಿದ್ರು ಅಂತ ಗೊತ್ತಾಯ್ತಾ? ಎಸ್ರು ಗೊತ್ತಾದ್ರೆ ಇವತ್ತೇ ವಕೀಲ್ರತ್ರ ಓಗನ. ನಮ್ಮೋರು ಒಂದು ವರ್ಸದಿಂದ ಕನ್ನಡೀಲಿ ಮೊಖ ನೋಡ್ಕೊಂಡಿಲ್ಲ ಮೇಡಂ."

ಸುಧಾಮಣಿ ಬೆಂಚಿನ ಮೇಲೆ ಕೂತಳು. ಮುಚ್ಚಳವನ್ನು ಕೈಗೆ ತೆಗೆದುಕೊಂಡಳು. ಆಗ ಬ್ಯಾಗಿನಲ್ಲಿ ಫೋನ್ ಹೊಡೆದುಕೊಂಡಿತು. ಒಂದೂವರೆಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.

ಮರಿಮಲ್ಲಪ್ಪನವರು ಫೋನ್ ಮಾಡಿದ್ದು ವಕೀಲರಿಗಲ್ಲ.

"ಹೇಳು ಸೋಮು," ಎಂದಳು.

ಇವತ್ತು ಊಟ ಆಯ್ತಾ ಎಂದು ಅವನು ಕೇಳಲಿಲ್ಲ. ಉಸಿರು ಮಾತ್ರ ಕೇಳಿಸಿತು. ಚಿಕ್ಕವನಿದ್ದಾಗ ಏನಾದರೂ ಒಡೆದುಹಾಕಿ ಬಾಗಿಲ ಸಂದಿಯಲ್ಲಿ ನಿಂತಾಗ ಕೇಳಿಸುತ್ತಿದ್ದ ಅದೇ ಉಸಿರು.

"ಅಕ್ಕ, ನಿನ್ ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

ರಂಜಿನಿ ಇನ್ನೊಂದು ಹಿಡಿ ಅನ್ನವನ್ನು ಮುಚ್ಚಳಕ್ಕೆ ಹಾಕಲು ಕೈ ಚಾಚಿದ್ದಳು.

"ಇಲ್ಲ," ಎಂದಳು ಸುಧಾಮಣಿ. "ಯಾರೂ ಇಲ್ಲ."

ರಂಜಿನಿಯ ಕೈ ಅಲ್ಲೇ ನಿಂತಿತು.